ನಿಲ್ಲಿಸಬೇಕಾದ ಹೊತ್ತಿನ ಗುಳಿಗೆ

ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರನ್ನು ನೋಡಲು ಬಂದವರೆಲ್ಲ ಹೊರಡುವಾಗ ತಪ್ಪದೆ ಹೇಳಿಹೋಗುವ ಮಾತೊಂದಿದೆ: ಏನೇ ಆಗಲಿ, ಗುಳಿಗೆ ಮಾತ್ರ ಬಿಡಬೇಡಿ. ನನ್ನ ದೊಡ್ಡಮ್ಮನಿಗೂ ಎಲ್ಲರೂ ಇದನ್ನೇ ಹೇಳಿದರು, ಅವರೂ ಅದನ್ನು ಅಕ್ಷರಶಃ ಪಾಲಿಸಿದರು. ದೊಡ್ಡ ಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾದ ಮೇಲೆ ವೈದ್ಯರು ಅವರಿಗೆ ಕ್ಯಾಪೆಸಿಟಾಬಿನ್ ಎಂಬ ಕೀಮೋ ಗುಳಿಗೆಯನ್ನು ಬರೆದುಕೊಟ್ಟಿದ್ದರು. ಕೆಲಸದಲ್ಲಿದ್ದಷ್ಟು ಕಾಲವೂ ಲೆಕ್ಕಪತ್ರ ವಿಭಾಗದಲ್ಲಿ ದುಡಿದ ದೊಡ್ಡಮ್ಮ, ಗುಳಿಗೆಗೆಂದೇ ಒಂದು ಪುಸ್ತಕವಿಟ್ಟು, ಬೆಳಿಗ್ಗೆ ಮತ್ತು ರಾತ್ರಿಯ ಪ್ರತಿ ಡೋಸಿನ ಮುಂದೆಯೂ ಗೀಟು ಹಾಕುತ್ತಿದ್ದರು. ಆಸ್ಪತ್ರೆಯವರು ನಿಲ್ಲಿಸಿ ಎನ್ನುವವರೆಗೂ ಆ ಪುಟಗಳಲ್ಲಿ ಒಂದು ಮನೆಯೂ ಖಾಲಿ ಉಳಿದಿರಲಿಲ್ಲ. ನನ್ನನ್ನು ಇಂದಿಗೂ ಕಾಡುವುದು ಆ ಭರ್ತಿಯಾದ ಪುಟಗಳೇ, ಏಕೆಂದರೆ ಎರಡನೆಯ ಸೈಕಲ್‌ನ, ಅಂದರೆ ಚಿಕಿತ್ಸೆಯ ಎರಡನೆಯ ಸುತ್ತಿನ, ಕೊನೆಯ ದಿನಗಳಲ್ಲಿ ಅಲ್ಲಿ ಕೆಲವು ಮನೆಗಳು ಖಾಲಿ ಇರಬೇಕಾಗಿತ್ತು.

ಸಕ್ಕರೆ ಕಾಯಿಲೆ, ರಕ್ತದೊತ್ತಡ ಮೊದಲಾದವುಗಳಿಗೆ ವರ್ಷಗಟ್ಟಲೆ ಗುಳಿಗೆ ನುಂಗಿದವರಿಗೆ ಔಷಧದ ಬಗ್ಗೆ ಒಂದು ಶಿಸ್ತು ರೂಢಿಯಾಗಿರುತ್ತದೆ. ಮರೆಯದೆ ತೆಗೆದುಕೊಳ್ಳುವುದೇ ಆ ಶಿಸ್ತಿನ ತಿರುಳು; ಸ್ವಲ್ಪ ಸುಸ್ತು, ಸ್ವಲ್ಪ ಹೊಟ್ಟೆ ಕೆಡುವುದು ಇವನ್ನೆಲ್ಲ ಸಹಿಸಿಕೊಳ್ಳುವುದು ಅದರ ಇನ್ನೊಂದು ಮುಖ. ಕೀಮೋ ಗುಳಿಗೆಯ ವಿಷಯದಲ್ಲಿ ಈ ಶಿಸ್ತಿನ ಮೊದಲರ್ಧ ಬೇಕೇ ಬೇಕು, ಎರಡನೆಯ ಅರ್ಧ ಅಪಾಯಕಾರಿ. ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಕೀಮೋ ಕೊಡುವಾಗ ಪ್ರತಿ ಬಾರಿಯೂ ಯಾರಾದರೂ ರಕ್ತಪರೀಕ್ಷೆಯ ಫಲಿತಾಂಶವನ್ನು ನೋಡುತ್ತಾರೆ, ರೋಗಿಯ ಮುಖ ನೋಡುತ್ತಾರೆ, ಬಾಯಿ ತೆರೆಸಿ ಹುಣ್ಣಿದೆಯೇ ಎಂದು ಕೇಳುತ್ತಾರೆ, ಬೇಡವೆನಿಸಿದರೆ ಆ ದಿನದ ಬಾಟಲಿಯನ್ನು ಏರಿಸುವುದೇ ಇಲ್ಲ. ಗುಳಿಗೆಯ ರೂಪದಲ್ಲಿ ಅದೇ ಔಷಧ ಮನೆಗೆ ಬಂದಾಗ, ಏರಿಸಬೇಕೋ ಬೇಡವೋ ಎಂದು ನಿರ್ಧರಿಸುತ್ತಿದ್ದ ಆ ಕಣ್ಣು ಆಸ್ಪತ್ರೆಯಲ್ಲೇ ಉಳಿದುಬಿಡುತ್ತದೆ. ಆ ಕೆಲಸ ಈಗ ರೋಗಿಯ ಮತ್ತು ಮನೆಯವರ ಪಾಲಿಗೆ ಬಿದ್ದಿರುತ್ತದೆ. ಚೀಟಿಯ ಮೇಲೆ ಡೋಸಿನ ಲೆಕ್ಕ ದಪ್ಪ ಅಕ್ಷರದಲ್ಲಿರುತ್ತದೆ. ಯಾವಾಗ ನಿಲ್ಲಿಸಬೇಕೆಂಬುದು ಕೈಪಿಡಿಯ ಒಳಪುಟದ ಸಣ್ಣ ಅಕ್ಷರಗಳಲ್ಲಿರುತ್ತದೆ.

ಗುಳಿಗೆಯಾಗಲು ಹಿಡಿದ ಕಾಲ

ಕ್ಯಾಪೆಸಿಟಾಬಿನ್ ತಾನಾಗಿ ಕ್ಯಾನ್ಸರ್ ಕೋಶವನ್ನು ಕೊಲ್ಲುವ ವಸ್ತುವಲ್ಲ. ದೇಹದೊಳಗೆ ಅದು ಫ್ಲೋರೋಯುರಾಸಿಲ್ ಆಗಿ ಬದಲಾಗುತ್ತದೆ, ಕೊಲ್ಲುವ ಕೆಲಸ ಅದರದ್ದು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಹೈಡೆಲ್‌ಬರ್ಗರ್ ಮತ್ತು ಅವರ ಸಂಗಡಿಗರು 1957ರಲ್ಲಿ ಪ್ರಕಟಿಸಿದ ಈ ಔಷಧವನ್ನು ದಶಕಗಳ ಕಾಲ ರಕ್ತನಾಳದ ಮೂಲಕವೇ ಕೊಡಬೇಕಾಗಿತ್ತು. ಬಾಯಿಯಿಂದ ಕೊಟ್ಟರೆ ಕರುಳಿನ ಗೋಡೆಯಲ್ಲೂ ಯಕೃತ್ತಿನಲ್ಲೂ ಇರುವ ಒಂದು ಕಿಣ್ವ ಅದನ್ನು ಒಡೆದುಹಾಕುತ್ತಿತ್ತು. ರಕ್ತಕ್ಕೆ ಎಷ್ಟು ಸೇರುತ್ತದೆ ಎಂಬುದು ಒಬ್ಬರಿಂದೊಬ್ಬರಿಗೆ, ಒಂದು ದಿನದಿಂದ ಇನ್ನೊಂದು ದಿನಕ್ಕೆ ಬದಲಾಗುತ್ತಿತ್ತು. ಈ ತೊಡಕನ್ನು ದಾಟಲೆಂದೇ ಕ್ಯಾಪೆಸಿಟಾಬಿನ್ ರೂಪುಗೊಂಡಿತು. ಅದು ಕರುಳಿನಿಂದ ಇಡಿಯಾಗಿ ಹೀರಿಕೆಯಾಗಿ, ಮೊದಲು ಯಕೃತ್ತಿನಲ್ಲಿ, ಬಳಿಕ ಯಕೃತ್ತು ಮತ್ತು ಗೆಡ್ಡೆ ಎರಡರಲ್ಲೂ ಇರುವ ಇನ್ನೊಂದು ಕಿಣ್ವದಿಂದ, ಕೊನೆಗೆ ಥೈಮಿಡಿನ್ ಫಾಸ್ಫೊರಿಲೇಸ್ ಎಂಬ ಮೂರನೆಯ ಕಿಣ್ವದಿಂದ ಹಂತಹಂತವಾಗಿ ಬದಲಾಗುತ್ತದೆ. ಈ ಮೂರನೆಯ ಕಿಣ್ವ ಅನೇಕ ಗೆಡ್ಡೆಗಳಲ್ಲಿ ಪಕ್ಕದ ಆರೋಗ್ಯವಂತ ಅಂಗಾಂಶಕ್ಕಿಂತ ಹೆಚ್ಚಾಗಿರುವುದರಿಂದ, ವಿಷ ತಯಾರಾಗುವ ಕೊನೆಯ ಹೆಜ್ಜೆ ಗೆಡ್ಡೆಯೊಳಗೇ ಹೆಚ್ಚು ನಡೆಯಬೇಕೆಂಬುದು ಇದರ ಹಿಂದಿನ ಎಣಿಕೆ. 1998ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಹರಡಿದ ಸ್ತನ ಕ್ಯಾನ್ಸರಿಗೆ ಇದನ್ನು ಒಪ್ಪಿತು. ಕೆಲವು ವರ್ಷಗಳಲ್ಲಿ ಕರುಳಿನ ಕ್ಯಾನ್ಸರ್ ಕೂಡ ಆ ಪಟ್ಟಿಗೆ ಸೇರಿತು.

ಈ ಎಣಿಕೆ ಅರ್ಧಕ್ಕೆ ನಿಜವಾಗುತ್ತದೆ. ಗೆಡ್ಡೆಯಲ್ಲಿ ಹೆಚ್ಚು ಎಂದ ಮಾತ್ರಕ್ಕೆ ಬೇರೆಡೆ ಇಲ್ಲವೆಂದಲ್ಲ. ಬೇಗ ಬೇಗ ವಿಭಜನೆಯಾಗುವ ಯಾವ ಕೋಶಕ್ಕಾದರೂ ಫ್ಲೋರೋಯುರಾಸಿಲ್ ಪೆಟ್ಟು ಕೊಡುತ್ತದೆ. ಕರುಳಿನ ಒಳಪದರ, ಬಾಯಿಯ ಲೋಳೆಪದರ, ಎಲುಬಿನ ಮಜ್ಜೆ ಎಲ್ಲವೂ ಅಂಥವೇ. ಇನ್ನೂ ಒಂದು ಸಂಗತಿಯನ್ನು ನಾನು ತಡವಾಗಿ ಅರ್ಥಮಾಡಿಕೊಂಡೆ. ನುಂಗಿದ ಔಷಧದ ಅರ್ಧಭಾಗ ರಕ್ತದಿಂದ ಮಾಯವಾಗಲು ಒಂದು ಗಂಟೆಯೂ ಬೇಡ, ಆದರೆ ಅದು ಕೋಶಗಳಿಗೆ ಮಾಡಿದ ಹಾನಿ ಮೇಲಕ್ಕೆ ಕಾಣಿಸಿಕೊಳ್ಳಲು ದಿನಗಳು ಬೇಕು. ಹಾಗಾಗಿ ಇಂದು ಬೆಳಿಗ್ಗೆ ಕಾಣುವ ಭೇದಿ ಇಂದಿನ ಗುಳಿಗೆಯದಲ್ಲ, ಹಿಂದಿನ ಹಲವು ದಿನಗಳದ್ದು. ಇಂದು ನುಂಗಿದ್ದರ ಫಲ ಇನ್ನೂ ಮುಂದಿದೆ. 'ನಾಳೆಯವರೆಗೂ ನೋಡೋಣ' ಎನ್ನುವವರು ಈ ಲೆಕ್ಕವನ್ನು ಗಮನಿಸಿರುವುದಿಲ್ಲ.

ಊಟದ ಬೆನ್ನಿಗೆ ಅರ್ಧ ಗಂಟೆ

ತೆಗೆದುಕೊಳ್ಳುವ ಕ್ರಮವನ್ನು ಕೇಳಿದರೆ ಸುಲಭವೆನಿಸುತ್ತದೆ. ದಿನಕ್ಕೆ ಎರಡು ಬಾರಿ, ಸುಮಾರು ಹನ್ನೆರಡು ಗಂಟೆಗಳ ಅಂತರದಲ್ಲಿ, ಆಹಾರ ಸೇವಿಸಿದ ಅರ್ಧ ಗಂಟೆಯೊಳಗೆ, ನೀರಿನೊಂದಿಗೆ ಇಡಿಯಾಗಿ ನುಂಗಬೇಕು. ಹದಿನಾಲ್ಕು ದಿನ ತೆಗೆದುಕೊಂಡು ಏಳು ದಿನ ಬಿಡುವುದು ರೂಢಿಯ ಕ್ರಮ, ಆ ಇಪ್ಪತ್ತೊಂದು ದಿನಗಳು ಸೇರಿ ಒಂದು ಸೈಕಲ್. ಬೇರೆ ಔಷಧಗಳೊಂದಿಗೆ ಅಥವಾ ವಿಕಿರಣ ಚಿಕಿತ್ಸೆಯೊಂದಿಗೆ ಕೊಡುವಾಗ ಈ ಲೆಕ್ಕ ಬದಲಾಗಬಹುದು, ಆದ್ದರಿಂದ ಪಕ್ಕದ ಹಾಸಿಗೆಯವರ ಕ್ರಮ ನಮ್ಮ ಕ್ರಮವಲ್ಲ. ಆಹಾರದ ನಿಯಮದ ಹಿಂದೆ ಒಂದು ಕುತೂಹಲದ ಕಾರಣವಿದೆ. ಹೊಟ್ಟೆ ತುಂಬಿದ್ದಾಗ ಈ ಔಷಧದ ಹೀರಿಕೆ ಕಡಿಮೆಯಾಗುತ್ತದೆ, ರಕ್ತದಲ್ಲಿ ಅದು ಏರುವ ಎತ್ತರವೂ ತಗ್ಗುತ್ತದೆ. ಹಾಗಾದರೆ ಖಾಲಿ ಹೊಟ್ಟೆಯೇ ಮೇಲಲ್ಲವೇ ಎಂದು ದೊಡ್ಡಮ್ಮ ಕೇಳಿದ್ದು ತರ್ಕಬದ್ಧವಾಗಿಯೇ ಇತ್ತು. ಆದರೆ ಔಷಧದ ಪ್ರಯೋಗಗಳೆಲ್ಲ ಊಟದ ನಂತರ ಕೊಟ್ಟೇ ನಡೆದವು, ಸುರಕ್ಷಿತವೆಂದು ಗೊತ್ತಾದ ಪ್ರಮಾಣವೂ ಆ ಕಡಿಮೆ ಹೀರಿಕೆಯನ್ನು ಒಳಗೊಂಡೇ ನಿಗದಿಯಾದದ್ದು. ಖಾಲಿ ಹೊಟ್ಟೆಯಲ್ಲಿ ಅದೇ ಗುಳಿಗೆ ನುಂಗಿದರೆ, ಯಾರೂ ಬರೆದುಕೊಡದ ದೊಡ್ಡ ಡೋಸನ್ನು ನುಂಗಿದ ಹಾಗಾಗಬಹುದು.

ಡೋಸನ್ನು ದೇಹದ ಮೇಲ್ಮೈ ವಿಸ್ತೀರ್ಣ ನೋಡಿ ಲೆಕ್ಕಹಾಕುತ್ತಾರೆ. ಒಂದೇ ಔಷಧವಾಗಿ ಕೊಡುವಾಗಿನ ಪೂರ್ಣ ಪ್ರಮಾಣ, ಪ್ರತಿ ಚದರ ಮೀಟರಿಗೆ ಒಂದು ಹೊತ್ತಿಗೆ 1250 ಮಿಲಿಗ್ರಾಂ. ಗುಳಿಗೆಗಳು ಸಿಗುವುದು ಸಾಮಾನ್ಯವಾಗಿ 500 ಮತ್ತು 150 ಮಿಲಿಗ್ರಾಂಗಳ ಎರಡು ಅಳತೆಗಳಲ್ಲಿ. ದೊಡ್ಡಮ್ಮನ ಲೆಕ್ಕ 1800ಕ್ಕೆ ಬಂದಿತ್ತು, ಅಂದರೆ ಒಂದು ಹೊತ್ತಿಗೆ ಮೂರು ದೊಡ್ಡವು, ಎರಡು ಚಿಕ್ಕವು. ಔಷಧದಂಗಡಿಯ ಚೀಲದಿಂದ ಎರಡೂ ಪೆಟ್ಟಿಗೆಗಳನ್ನು ತೆಗೆದು ಮೇಜಿನ ಮೇಲಿಟ್ಟ ಮೊದಲ ಸಂಜೆ, ಅವರು ಕನ್ನಡಕ ಏರಿಸಿಕೊಂಡು ಎರಡನ್ನೂ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. 'ಇವೆರಡರ ಬಣ್ಣ ಒಂದೇ ಅಲ್ಲವೇನೋ? ರಾತ್ರಿ ದೀಪದ ಬೆಳಕಿನಲ್ಲಿ ನಾನು ಇದನ್ನು ಹೇಗೆ ಗುರುತಿಸಲಿ?' ಎಂದರು. ಆ ಪ್ರಶ್ನೆಯನ್ನು ಔಷಧ ತಯಾರಿಸುವವರು ಕೇಳಿಸಿಕೊಳ್ಳಬೇಕಿತ್ತು ಎಂದು ನನಗೆ ಈಗಲೂ ಅನಿಸುತ್ತದೆ. ಮೂರು ಮತ್ತು ಎರಡು ಅದಲುಬದಲಾದರೆ 1800 ಹೋಗಿ 1450 ಆಗುತ್ತದೆ. ಐದೂ ದೊಡ್ಡವೇ ಆಗಿಬಿಟ್ಟರೆ 2500. ಎರಡು ಪೆಟ್ಟಿಗೆಗಳನ್ನೂ ಬೇರೆ ಬೇರೆ ಜಾಗದಲ್ಲಿಟ್ಟು, ಮೇಲೆ ದಪ್ಪ ಪೆನ್ನಿನಿಂದ 'ಮೂರು', 'ಎರಡು' ಎಂದು ಬರೆದ ಮೇಲಷ್ಟೇ ಅವರಿಗೆ ಸಮಾಧಾನವಾಯಿತು.

ಮರೆತ ಡೋಸಿನ ನಿಯಮ ಚಿಕ್ಕದು: ಮರೆತದ್ದನ್ನು ಬಿಟ್ಟು, ಮುಂದಿನ ಹೊತ್ತಿಗೆ ಎಂದಿನಷ್ಟೇ ತೆಗೆದುಕೊಳ್ಳುವುದು, ಎರಡರಷ್ಟು ಎಂದೂ ಬೇಡ. ನುಂಗಿದ ಕೂಡಲೇ ವಾಂತಿಯಾದರೂ ಮತ್ತೊಂದು ಡೋಸ್ ಬೇಡ.

ರಾತ್ರಿ ಎದ್ದದ್ದು ಲೆಕ್ಕಕ್ಕೆ ಬರುತ್ತದೆ

ಈ ಔಷಧದ ಅಡ್ಡಪರಿಣಾಮಗಳಲ್ಲಿ ಜೀವಕ್ಕೆ ಎರವಾಗುವಷ್ಟು ಬೇಗ ಬೆಳೆಯುವುದು ಭೇದಿ. ಅದನ್ನು ಜನ ಹೇಳಿಕೊಳ್ಳಲು ಹಿಂಜರಿಯುತ್ತಾರೆ ಎಂಬುದು ಅದರ ಅಪಾಯವನ್ನು ಇಮ್ಮಡಿಗೊಳಿಸುತ್ತದೆ. ವೈದ್ಯರು ಇದನ್ನು ದರ್ಜೆಗಳಾಗಿ ಅಳೆಯುತ್ತಾರೆ. ಆ ವ್ಯಕ್ತಿಯ ಎಂದಿನ ಅಭ್ಯಾಸಕ್ಕಿಂತ ದಿನಕ್ಕೆ ನಾಲ್ಕರಿಂದ ಆರು ಬಾರಿ ಹೆಚ್ಚಾದರೆ, ಅಥವಾ ರಾತ್ರಿ ನಿದ್ದೆಯಿಂದೆದ್ದು ಹೋಗಬೇಕಾದರೆ, ಅದು ಎರಡನೆಯ ದರ್ಜೆ. ಅಲ್ಲಿಗೇ ಗುಳಿಗೆ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ಏಳು ಬಾರಿ ಅಥವಾ ಅದಕ್ಕೂ ಹೆಚ್ಚಾದರೆ ಮೂರನೆಯ ದರ್ಜೆ. ಇಲ್ಲಿ 'ಎಂದಿನ ಅಭ್ಯಾಸಕ್ಕಿಂತ' ಎಂಬುದನ್ನು ಗಮನಿಸಬೇಕು. ಚಿಕಿತ್ಸೆಗೆ ಮೊದಲು ದಿನಕ್ಕೊಮ್ಮೆ ಹೋಗುತ್ತಿದ್ದವರಿಗೂ ಮೂರು ಬಾರಿ ಹೋಗುತ್ತಿದ್ದವರಿಗೂ ಲೆಕ್ಕ ಶುರುವಾಗುವ ಜಾಗ ಬೇರೆ, ಆದ್ದರಿಂದ ಮೊದಲ ಗುಳಿಗೆಗಿಂತ ಮುಂಚೆಯೇ ಅದನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಎರಡನೆಯ ಸೈಕಲ್‌ನ ಕೊನೆಯ ಭಾಗದಲ್ಲಿ ದೊಡ್ಡಮ್ಮನ ಮನೆಗೆ ಹೋದಾಗ ಅವರು ಗೋಡೆಗೆ ಕೈಯೂರಿಕೊಂಡು ನಡೆಯುತ್ತಿದ್ದರು. ತುಟಿ ಒಣಗಿತ್ತು, ಮಾತು ಎಂದಿಗಿಂತ ನಿಧಾನವಾಗಿತ್ತು. ಸ್ವಲ್ಪ ಹೊಟ್ಟೆ ಕೆಟ್ಟಿದೆ ಎಂದಷ್ಟೇ ಹೇಳಿ ಬೇರೆ ಮಾತೆತ್ತಿದರು. ಆಸ್ಪತ್ರೆಯ ಚೀಟಿಯ ಮೇಲಿದ್ದ ಸಂಖ್ಯೆಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ಕೀಮೋ ವಿಭಾಗದ ನರ್ಸ್ ಅವಸರವಿಲ್ಲದೆ, ಆದರೆ ಬಿಡದೆ ಕೇಳುತ್ತ ಹೋದರು. ನಿನ್ನೆ ಎಷ್ಟು ಬಾರಿ? ದೊಡ್ಡಮ್ಮ ಪುಸ್ತಕ ನೋಡಿ ನಾಲ್ಕು ಎಂದರು. 'ಅಮ್ಮ, ರಾತ್ರಿ ಎದ್ದು ಹೋಗಿದ್ದೀರಾ?' ಎಂಬ ಪ್ರಶ್ನೆಗೆ ಸ್ವಲ್ಪ ಹೊತ್ತು ಉತ್ತರ ಬರಲಿಲ್ಲ. 'ರಾತ್ರಿಯದ್ದನ್ನು ನಾನು ಬರೆದಿಲ್ಲಮ್ಮ, ಹಗಲಿನದ್ದು ಮಾತ್ರ ಬರೆದೆ.' ಒಟ್ಟು ಸೇರಿಸಿದಾಗ ಅದು ಹಿಂದಿನ ಅಭ್ಯಾಸಕ್ಕಿಂತ ಏಳು ಬಾರಿಯನ್ನು ದಾಟಿತ್ತು. 'ಹಾಗಾದರೆ ಈ ರಾತ್ರಿಯ ಗುಳಿಗೆ ಬೇಡ. ನಾವು ಹೇಳುವವರೆಗೂ ಬೇಡ. ಇವತ್ತೇ ಕರೆದುಕೊಂಡು ಬನ್ನಿ, ರಕ್ತ ನೋಡಬೇಕು, ಡ್ರಿಪ್ ಬೇಕಾಗಬಹುದು' ಎಂದರು ನರ್ಸ್. ದೊಡ್ಡಮ್ಮ ತಕ್ಷಣ, 'ಇನ್ನು ಕೆಲವೇ ಡೋಸ್ ಉಳಿದಿರೋದು, ಮುಗಿಸಿಬಿಡ್ತೀನಿ' ಎಂದದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಅವರ ದನಿಯಲ್ಲಿದ್ದದ್ದು ಹಟವಲ್ಲ. ಒಪ್ಪಿಕೊಂಡ ಕೆಲಸವನ್ನು ಅರ್ಧಕ್ಕೆ ಬಿಡುವವರ ಮುಜುಗರ ಅದು.

ಭೇದಿಯಿಂದ ದೇಹ ಒಣಗುತ್ತದೆ, ಒಣಗಿದ ದೇಹದಲ್ಲಿ ಮೂತ್ರಪಿಂಡಕ್ಕೆ ರಕ್ತ ಸಾಲದಾಗುತ್ತದೆ, ಮೂತ್ರಪಿಂಡ ಸೊರಗಿದರೆ ಔಷಧದ ಒಡೆದ ಅಂಶಗಳು ಹೊರಹೋಗುವುದು ತಡವಾಗಿ ವಿಷದ ಪ್ರಭಾವ ಇನ್ನೂ ಏರುತ್ತದೆ. ಮೂತ್ರಪಿಂಡದ ಶಕ್ತಿ ಮೊದಲೇ ಮಧ್ಯಮ ಪ್ರಮಾಣದಲ್ಲಿ ಕುಗ್ಗಿದ್ದವರಿಗೆ ಶುರುವಿನಲ್ಲೇ ಮುಕ್ಕಾಲು ಡೋಸ್ ಬರೆಯುವುದೂ, ವಯಸ್ಸಾದವರ ವಿಷಯದಲ್ಲಿ ಹೆಚ್ಚು ಎಚ್ಚರ ವಹಿಸುವುದೂ ಇದಕ್ಕಾಗಿಯೇ. ಭೇದಿ ತಡೆಯುವ ಲೋಪೆರಮೈಡ್ ಗುಳಿಗೆಯನ್ನು ಮನೆಯಲ್ಲಿ ಇಟ್ಟುಕೊಳ್ಳಲು ವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ. ಅದರಿಂದ ಹೊಟ್ಟೆ ಹಿಡಿದುಕೊಂಡಿತೆಂದು ಕೀಮೋ ಗುಳಿಗೆಯನ್ನು ತಾವಾಗಿಯೇ ಮುಂದುವರಿಸುವುದು ಮಾತ್ರ ಬೆಂಕಿಯನ್ನು ಹಾಗೇ ಬಿಟ್ಟು ಹೊಗೆಯನ್ನು ಓಡಿಸಿದಂತೆ.

ಬಾಕಿ ಉಳಿದ ಗುಳಿಗೆಗಳು

ಆಸ್ಪತ್ರೆಯಿಂದ ಮರಳಿ, ಹೊಟ್ಟೆ ಸರಿಹೋಗಿ, ಬಣ್ಣ ಮುಖಕ್ಕೆ ಬಂದ ಮೇಲೆ ದೊಡ್ಡಮ್ಮ ನನ್ನನ್ನು ಹತ್ತಿರ ಕೂರಿಸಿಕೊಂಡು ಪುಸ್ತಕ ತೆರೆದರು. ಖಾಲಿ ಉಳಿದ ಮನೆಗಳನ್ನು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಗುರುತಿಸಿದ್ದರು, ಪಕ್ಕದಲ್ಲಿ 'ಬಾಕಿ' ಎಂದು ಬರೆದು ಉಳಿದ ಗುಳಿಗೆಗಳ ಮೊತ್ತವನ್ನೂ ಹಾಕಿದ್ದರು. ಬಿಡುವಿನ ವಾರದಲ್ಲಿ ಇವನ್ನು ತೀರಿಸಿಬಿಟ್ಟರೆ ಮುಂದಿನ ಸೈಕಲ್ ಚೊಕ್ಕಟವಾಗಿ ಶುರುವಾಗುತ್ತದಲ್ಲ ಎಂಬುದು ಅವರ ವಾದ. ಲೆಕ್ಕದವರ ಮನಸ್ಸಿಗೆ ಅದಕ್ಕಿಂತ ನ್ಯಾಯವಾದ ವಾದ ಇರಲಾರದು. ಆದರೆ ಈ ಔಷಧದ ನಿಯಮ ಬೇರೆಯದೇ: ಅಡ್ಡಪರಿಣಾಮದಿಂದಾಗಿ ಬಿಟ್ಟುಹೋದ ಡೋಸುಗಳು ಬಿಟ್ಟೇಹೋದವು, ಅವನ್ನು ಮುಂದೆ ತುಂಬಿಕೊಳ್ಳುವ ಹಾಗಿಲ್ಲ. ಏಳು ದಿನಗಳ ಬಿಡುವು ಚಿಕಿತ್ಸೆಯ ಹೊರಗಿನ ರಜೆಯಲ್ಲ. ಮಜ್ಜೆ ಮತ್ತು ಕರುಳಿನ ಒಳಪದರ ಚೇತರಿಸಿಕೊಳ್ಳಲು ಇಟ್ಟ ಕಾಲ. ಅದರೊಳಗೆ ಬಾಕಿ ತೀರಿಸಿದರೆ ಮುಂದಿನ ಸೈಕಲ್‌ಗೆ ಬೇಕಾದ ದೇಹವೇ ಸಿದ್ಧವಾಗಿರುವುದಿಲ್ಲ.

ಮುಂದಿನ ಭೇಟಿಯಲ್ಲಿ ಕ್ಯಾನ್ಸರ್ ತಜ್ಞರು ಡೋಸನ್ನು ಸುಮಾರು ಮುಕ್ಕಾಲಿಗೆ ಇಳಿಸಿದರು. ಐದು ಗುಳಿಗೆಗಳ ಬದಲು ನಾಲ್ಕು, ಎರಡು ದೊಡ್ಡವು ಮತ್ತು ಎರಡು ಚಿಕ್ಕವು. ಮೂರನೆಯ ದರ್ಜೆಯ ಅಡ್ಡಪರಿಣಾಮ ಮೊದಲ ಬಾರಿ ಬಂದಾಗ ಮುಕ್ಕಾಲು, ಮತ್ತೆ ಬಂದರೆ ಅರ್ಧ, ಒಮ್ಮೆ ಇಳಿಸಿದ ಮೇಲೆ ಮತ್ತೆ ಏರಿಸುವುದಿಲ್ಲ ಎಂಬುದು ಸಾಮಾನ್ಯವಾಗಿ ಅನುಸರಿಸುವ ಕ್ರಮ. ಕಡಿಮೆ ಮಾಡಿದರೆ ರೋಗ ಮರಳುತ್ತದೆಯೇ ಎಂದು ದೊಡ್ಡಮ್ಮ ಕೇಳಿದರು. ಈ ಪ್ರಶ್ನೆಯ ಭಯದಿಂದಲೇ ಎಷ್ಟೋ ಮಂದಿ ತೊಂದರೆಯನ್ನು ಮುಚ್ಚಿಡುತ್ತಾರೆ ಎಂದು ನನಗೆ ಆಗ ಹೊಳೆಯಿತು. ವೈದ್ಯರ ಉತ್ತರ ನೇರವಾಗಿತ್ತು. ವೈದ್ಯಕೀಯ ಪುಸ್ತಕದಲ್ಲಿರುವುದು ಶುರುಮಾಡುವ ಡೋಸ್, ನಿಮ್ಮ ದೇಹ ತಾಳುವ ಡೋಸ್ ಯಾವುದೆಂದು ಮೊದಲ ಸೈಕಲ್‌ಗಳಲ್ಲಿ ತಿಳಿಯುತ್ತದೆ, ಸಹಿಸಲಾಗದ ಪ್ರಮಾಣದಲ್ಲಿ ಎರಡು ಸೈಕಲ್ ಮಾಡಿ ನಿಲ್ಲಿಸುವುದಕ್ಕಿಂತ ಸಹಿಸಬಲ್ಲ ಪ್ರಮಾಣದಲ್ಲಿ ಎಂಟನ್ನೂ ಮುಗಿಸುವುದು ಮೇಲು ಎಂದರು. ನೀವು ತಡೆದುಕೊಂಡಿರಿ ಎಂದು ಅವರು ಹೊಗಳಲಿಲ್ಲ. ಅದು ನನಗೆ ಬಹಳ ಹಿಡಿಸಿತು.

ಅಂಗೈ, ಅಂಗಾಲು, ಬೆರಳಚ್ಚು

ಭೇದಿ ಬೇಗ ಬರುವುದಾದರೆ, ಕೈಕಾಲುಗಳ ತೊಂದರೆ ನಿಧಾನವಾಗಿ ಬರುತ್ತದೆ, ಬಹಳ ಮಂದಿಗೆ ಬರುತ್ತದೆ. ಈ ಔಷಧವೊಂದನ್ನೇ ಪೂರ್ಣ ಪ್ರಮಾಣದಲ್ಲಿ ತೆಗೆದುಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಒಂದಲ್ಲ ಒಂದು ಮಟ್ಟದಲ್ಲಿ ಹ್ಯಾಂಡ್-ಫುಟ್ ಸಿಂಡ್ರೋಮ್ ಕಾಣಿಸಿಕೊಂಡದ್ದು ಪ್ರಯೋಗಗಳಲ್ಲಿ ದಾಖಲಾಗಿದೆ. ಮೊದಲು ಜುಮುಜುಮು, ಮರಗಟ್ಟಿದಂಥ ಭಾವ. ಬಳಿಕ ಅಂಗೈ ಅಂಗಾಲು ಕೆಂಪಾಗಿ ಊದಿಕೊಳ್ಳುತ್ತವೆ. ಮುಂದುವರಿದರೆ ಚರ್ಮ ಸುಲಿದು, ಬಿರಿದು, ಗುಳ್ಳೆಯೆದ್ದು ನೋವಾಗುತ್ತದೆ. ಬರೀ ಕೆಂಪಾಗಿದ್ದರೆ ಗಮನಿಸುತ್ತ ಮುಂದುವರಿಸಬಹುದು. ನೋವಿನಿಂದ ಗುಂಡಿ ಹಾಕಲು, ಮುಚ್ಚಳ ತಿರುಗಿಸಲು, ನಡೆಯಲು ಕಷ್ಟವಾಗತೊಡಗಿದರೆ ಅದು ನಿಲ್ಲಿಸಿ ಫೋನ್ ಮಾಡಬೇಕಾದ ಹಂತ. ಇಲ್ಲೂ ಅದೇ ತೊಡಕು: 'ಚರ್ಮ ತಾನೇ' ಎಂದು ಜನ ಸಹಿಸಿಕೊಳ್ಳುತ್ತಾರೆ, ಒಂದು ವಾರ ನಿಲ್ಲಿಸಿದ್ದರೆ ಹೋಗುತ್ತಿದ್ದದ್ದು ತಿಂಗಳುಗಟ್ಟಲೆ ಉಳಿಯುತ್ತದೆ.

ತಡೆಯಲು ಏನು ಮಾಡಬಹುದೆಂಬುದರ ಬಗ್ಗೆ ಹಲವು ಸಲಹೆಗಳು ತಿರುಗಾಡುತ್ತವೆ. ಬಿಸಿನೀರು, ಬಿಗಿ ಪಾದರಕ್ಷೆ, ತಿಕ್ಕಾಟ ಇವನ್ನು ಕಡಿಮೆ ಮಾಡುವುದು, ಯೂರಿಯಾ ಇರುವ ಕ್ರೀಮನ್ನು ಮೊದಲ ದಿನದಿಂದಲೇ ಹಚ್ಚುವುದು ಉಪಯುಕ್ತ. ವಿಟಮಿನ್ ಬಿ6 ಗುಳಿಗೆಯನ್ನು ಬಹುಕಾಲ ಬರೆದುಕೊಡುತ್ತಿದ್ದರು, ಆದರೆ ಪ್ರಯೋಗಗಳಲ್ಲಿ ಅದರಿಂದ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ. ಹೊಸದಿಲ್ಲಿಯ ಏಮ್ಸ್‌ನಲ್ಲಿ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ನೋವಿಗೆ ಹಚ್ಚುವ ಸಾಮಾನ್ಯ ಡೈಕ್ಲೋಫೆನಾಕ್ ಜೆಲ್ ಅನ್ನು ಕೈಗಳಿಗೆ ಹಚ್ಚಿಕೊಂಡವರಲ್ಲಿ ಎರಡು ಮತ್ತು ಮೂರನೆಯ ದರ್ಜೆಯ ತೊಂದರೆ ಶೇಕಡ 3.8ರಷ್ಟು ಮಂದಿಗೆ ಮಾತ್ರ ಬಂದಿತು, ಔಷಧವಿಲ್ಲದ ಜೆಲ್ ಹಚ್ಚಿಕೊಂಡವರಲ್ಲಿ ಅದು ಶೇಕಡ 15 ಇತ್ತು. ಇಷ್ಟು ಸಾಧಾರಣವಾದ ಉಪಾಯವೊಂದು ಇಷ್ಟು ತಡವಾಗಿ ಪರೀಕ್ಷೆಗೊಳಗಾದದ್ದು ನನಗೆ ಸೋಜಿಗ. ದೊಡ್ಡಮ್ಮನ ಚಿಕಿತ್ಸೆ ಮುಗಿದದ್ದು ಅದಕ್ಕಿಂತ ಹಿಂದೆ, ಅವರಿಗೆ ಯೂರಿಯಾ ಕ್ರೀಮ್ ಒಂದೇ ಗತಿಯಾಗಿತ್ತು.

ಇದೇ ತೊಂದರೆಯ ಒಂದು ವಿಚಿತ್ರ ಬಾಲವೂ ಇದೆ. ಚರ್ಮ ಸುಲಿಯುತ್ತ ಹೋದಂತೆ ಬೆರಳಚ್ಚಿನ ಗೆರೆಗಳು ಅಳಿಸಿಹೋಗಬಹುದು. ಸಿಂಗಪುರದ 62 ವರ್ಷದ ರೋಗಿಯೊಬ್ಬರನ್ನು ಬೆರಳಚ್ಚು ಮೂಡಲಿಲ್ಲವೆಂದು ಅಮೆರಿಕದ ವಿಮಾನ ನಿಲ್ದಾಣದಲ್ಲಿ ನಾಲ್ಕು ಗಂಟೆ ತಡೆದು ನಿಲ್ಲಿಸಿದ ಪ್ರಸಂಗವನ್ನು ಅವರ ವೈದ್ಯರು 2009ರಲ್ಲಿ ಕ್ಯಾನ್ಸರ್ ಪತ್ರಿಕೆಯೊಂದಕ್ಕೆ ಬರೆದರು. ಬೆರಳೊತ್ತಿ ಗುರುತು ತೋರಿಸಬೇಕಾದ ಕೆಲಸಗಳು ಹೆಚ್ಚುತ್ತಿರುವ ಈ ಕಾಲದಲ್ಲಿ, ಚಿಕಿತ್ಸೆಯ ಬಗ್ಗೆ ವೈದ್ಯರ ಪತ್ರವೊಂದನ್ನು ಜೊತೆಯಲ್ಲಿ ಇಟ್ಟುಕೊಳ್ಳುವುದು ಅತಿ ಎಚ್ಚರವೇನಲ್ಲ.

ಕಾಯಬಾರದ ಎರಡು

ಎದೆ ನೋವು ಮತ್ತು ಜ್ವರದ ವಿಷಯದಲ್ಲಿ ಎಣಿಸುವ, ಬರೆದಿಡುವ ಮಾತೇ ಇಲ್ಲ. ಫ್ಲೋರೋಯುರಾಸಿಲ್ ಕೆಲವರಲ್ಲಿ ಹೃದಯದ ರಕ್ತನಾಳಗಳನ್ನು ಸೆಳೆತಕ್ಕೀಡುಮಾಡಿ ಬಿಗಿಯಾಗಿಸುತ್ತದೆ. ಇದು ಸಾಮಾನ್ಯವಾಗಿ ಶುರುವಿನ ದಿನಗಳಲ್ಲೇ, ಹೃದಯದ ಕಾಯಿಲೆಯೇ ಇಲ್ಲದವರಲ್ಲೂ ಆಗಬಹುದು. ಎದೆ ಹಿಂಡಿದಂತಾದರೆ ಗುಳಿಗೆ ನಿಲ್ಲಿಸಿ ತುರ್ತು ಚಿಕಿತ್ಸೆಗೆ ಹೋಗಬೇಕು, ಅಜೀರ್ಣವಿರಬಹುದೆಂದು ಕಾಯಬಾರದು. ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ, ಬಿಳಿ ರಕ್ತಕಣಗಳು ಕುಸಿದಿರುವಾಗ ತಗುಲಿದ ಸೋಂಕು ಇರಬಹುದೆಂದು ಭಾವಿಸಿ ಆ ಹೊತ್ತಿಗೇ ಆಸ್ಪತ್ರೆಯನ್ನು ಸಂಪರ್ಕಿಸಬೇಕು. ಅಳೆಯುವ ಮುನ್ನ ಪ್ಯಾರಾಸಿಟಮಾಲ್ ನುಂಗಿದರೆ ಎಚ್ಚರಿಕೆಯ ಗಂಟೆಯೇ ಮುಚ್ಚಿಹೋಗುತ್ತದೆ.

ಶುರುವಿಗೆ ಮೊದಲೇ ತಿಳಿಯಬಹುದಾದದ್ದು

ಮೇಲೆ ಹೇಳಿದ, ಫ್ಲೋರೋಯುರಾಸಿಲ್ ಅನ್ನು ಒಡೆಯುವ ಕಿಣ್ವಕ್ಕೆ ಚಿಕ್ಕದಾಗಿ ಡಿಪಿಡಿ ಎನ್ನುತ್ತಾರೆ. ದೇಹ ಸೇರಿದ ಫ್ಲೋರೋಯುರಾಸಿಲ್‌ನ ಬಹುಪಾಲನ್ನು ತೆರವುಗೊಳಿಸುವುದು ಅದೇ. ಹುಟ್ಟಿನಿಂದಲೇ ಈ ಕಿಣ್ವ ಕಡಿಮೆಯಿರುವ ಕೆಲವರಿದ್ದಾರೆ, ತೀರ ಅಪರೂಪವಾಗಿ ಇಲ್ಲವೇ ಇಲ್ಲ ಎನ್ನುವವರೂ ಇದ್ದಾರೆ. ಅಂಥವರಿಗೆ ಎಲ್ಲರಿಗೂ ಕೊಡುವ ಡೋಸ್ ಮೊದಲ ಸೈಕಲ್‌ನಲ್ಲೇ ತೀವ್ರವಾದ ಬಾಯಿ ಹುಣ್ಣು, ಭೇದಿ, ರಕ್ತಕಣಗಳ ಕುಸಿತ ತಂದು ಜೀವವನ್ನೇ ತೆಗೆಯಬಹುದು. ಹೊರನೋಟಕ್ಕೆ ಅವರನ್ನು ಗುರುತಿಸಲು ಬರುವುದಿಲ್ಲ. ರಕ್ತದಲ್ಲಿರುವ ಯುರಾಸಿಲ್ ಪ್ರಮಾಣವನ್ನು ಅಳೆದು ಅಥವಾ ಸಂಬಂಧಿಸಿದ ವಂಶವಾಹಿಯನ್ನು ಪರೀಕ್ಷಿಸಿ ತಿಳಿಯಬಹುದು. ಐರೋಪ್ಯ ಔಷಧ ಸಂಸ್ಥೆ 2020ರಲ್ಲಿ, ಚಿಕಿತ್ಸೆ ಶುರುಮಾಡುವ ಮೊದಲೇ ಈ ಪರೀಕ್ಷೆ ಮಾಡಬೇಕೆಂದು ಸಲಹೆ ನೀಡಿತು. ಎಲ್ಲೆಡೆ ಅದು ರೂಢಿಗೆ ಬಂದಿಲ್ಲ, ಬರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕೇಳುವುದಕ್ಕೆ ರೋಗಿಗೆ ಹಕ್ಕಿದೆ, ಸಂಕೋಚಪಡಬೇಕಾಗಿಲ್ಲ. ಔಷಧ ಮಿತಿಮೀರಿ ಒಳಸೇರಿದವರಿಗೆ, ಬೇಗನೆ ವಿಷಪ್ರಭಾವ ಕಾಣಿಸಿಕೊಂಡವರಿಗೆ ಯುರಿಡಿನ್ ಟ್ರೈಅಸಿಟೇಟ್ ಎಂಬ ಪ್ರತಿವಿಷವನ್ನು ಎಫ್‌ಡಿಎ 2015ರಲ್ಲಿ ಒಪ್ಪಿತು. ಆದರೆ ಅದನ್ನು ಕೊನೆಯ ಡೋಸಿನ 96 ಗಂಟೆಗಳೊಳಗೆ ಶುರುಮಾಡಬೇಕು. ಮೊದಲ ಸೈಕಲ್‌ನ ತೊಂದರೆಯನ್ನು ಮುಚ್ಚಿಡುವವರಿಗೆ ಈ ಬಾಗಿಲು ನಾಲ್ಕೇ ದಿನಗಳಲ್ಲಿ ಮುಚ್ಚಿಕೊಳ್ಳುತ್ತದೆ.

ಜೊತೆಗೆ ತೆಗೆದುಕೊಳ್ಳುವ ಬೇರೆ ಔಷಧಗಳ ಪಟ್ಟಿಯನ್ನೂ ಮೊದಲೇ ವೈದ್ಯರ ಮುಂದಿಡಬೇಕು. ರಕ್ತ ಹೆಪ್ಪುಗಟ್ಟದಂತೆ ನುಂಗುವ ವಾರ್ಫರಿನ್ ಇದರೊಂದಿಗೆ ಸೇರಿದರೆ ಅದರ ಪ್ರಭಾವ ವಿಪರೀತವಾಗಿ ಹೆಚ್ಚಿ ರಕ್ತಸ್ರಾವವಾಗಬಹುದು, ಅದು ಕೆಲವು ದಿನಗಳಲ್ಲೂ ಆದೀತು, ತಿಂಗಳುಗಳ ಮೇಲೂ ಆದೀತು. ಅಪಸ್ಮಾರದ ಫೆನಿಟಾಯಿನ್ ರಕ್ತದಲ್ಲಿ ಏರಬಹುದು. ಹಾನಿಯಿಲ್ಲದ ಟಾನಿಕ್ ಎಂದು ಎಲ್ಲರೂ ನಂಬುವ ಫೋಲಿಕ್ ಆಮ್ಲವೂ ಈ ಗುಳಿಗೆಯ ವಿಷಪ್ರಭಾವವನ್ನು ಹೆಚ್ಚಿಸಬಲ್ಲದು. ಇವೆಲ್ಲಕ್ಕಿಂತ ಭೀಕರವಾದ ಉದಾಹರಣೆ ಜಪಾನಿನದು. ಅಲ್ಲಿ 1993ರಲ್ಲಿ ಸರ್ಪಸುತ್ತಿಗೆಂದು ಸೊರಿವುಡಿನ್ ಎಂಬ ಹೊಸ ಔಷಧ ಮಾರುಕಟ್ಟೆಗೆ ಬಂದು, ಫ್ಲೋರೋಯುರಾಸಿಲ್ ಜಾತಿಯ ಕ್ಯಾನ್ಸರ್ ಗುಳಿಗೆ ನುಂಗುತ್ತಿದ್ದ ಹದಿನೈದು ರೋಗಿಗಳು ಕೆಲವೇ ವಾರಗಳಲ್ಲಿ ತೀರಿಕೊಂಡರು. ಸೊರಿವುಡಿನ್ ದೇಹದಲ್ಲಿ ಒಡೆದು ಉಂಟಾದ ವಸ್ತು ಅವರ ಡಿಪಿಡಿ ಕಿಣ್ವವನ್ನು ಸಂಪೂರ್ಣ ಕಟ್ಟಿಹಾಕಿತ್ತು. ಅದನ್ನು ಹಿಂತೆಗೆದುಕೊಂಡರು. ಅದರ ಸಮೀಪದ ಸಂಬಂಧಿಯಾದ ಬ್ರಿವುಡಿನ್ ಕೆಲವು ದೇಶಗಳಲ್ಲಿ ಇನ್ನೂ ಬಳಕೆಯಲ್ಲಿದೆ, ಅದಕ್ಕೂ ಕ್ಯಾಪೆಸಿಟಾಬಿನ್‌ಗೂ ನಡುವೆ ಕನಿಷ್ಠ ನಾಲ್ಕು ವಾರಗಳ ಅಂತರವಿರಬೇಕು. ಬೇರೆ ಬೇರೆ ವೈದ್ಯರು ಬೇರೆ ಬೇರೆ ಚೀಟಿ ಬರೆದಾಗ, ಎರಡನ್ನೂ ಒಟ್ಟಿಗೆ ನೋಡುವವರು ಅನೇಕ ವೇಳೆ ಔಷಧದಂಗಡಿಯವರೊಬ್ಬರೇ.

ಮನೆಯ ಉಳಿದವರು

ಗುಳಿಗೆ ನುಂಗುವವರ ಸುತ್ತಲಿನವರಿಗೂ ಕೆಲವು ಎಚ್ಚರಗಳಿವೆ. ಇದನ್ನು ಮುರಿಯಬಾರದು, ಅರೆಯಬಾರದು. ನುಂಗಲಾಗದಿದ್ದರೆ ಏನು ಮಾಡಬೇಕೆಂದು ಆಸ್ಪತ್ರೆಯನ್ನೇ ಕೇಳಬೇಕು. ಬೇರೆಯವರು ತೆಗೆದುಕೊಡುವುದಾದರೆ ಕೈಗವಸು ಹಾಕಿಕೊಂಡು ಮುಟ್ಟುವುದು, ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯುವುದು, ವಾರದ ಉಳಿದ ಗುಳಿಗೆಗಳ ಡಬ್ಬಿಯಲ್ಲಿ ಇದನ್ನು ಬೆರೆಸದಿರುವುದು, ಮಕ್ಕಳ ಕೈಗೆ ಎಟುಕದಂತೆ ಇಡುವುದು ಸಾಕಷ್ಟಾಯಿತು. ಗರ್ಭಿಣಿಯರು ಮುಟ್ಟದಿರುವುದು ಲೇಸು. ಡೋಸಿನ ನಂತರ ಎರಡು ದಿನಗಳವರೆಗೆ ಮೂತ್ರ, ಮಲ, ವಾಂತಿಯಲ್ಲಿ ಔಷಧದ ಅಂಶವಿರಬಹುದಾದ್ದರಿಂದ, ಶೌಚದ ಮುಚ್ಚಳ ಹಾಕಿ ಎರಡು ಬಾರಿ ನೀರು ಬಿಡುವುದು ಮತ್ತು ಕೊಳೆಯಾದ ಬಟ್ಟೆಯನ್ನು ಬೇರೆಯಾಗಿ ಒಗೆಯುವುದು ಒಳ್ಳೆಯ ರೂಢಿ. ಹಾಗೆಂದು ರೋಗಿಯನ್ನು ದೂರವಿಡುವ ಅಗತ್ಯ ಎಳ್ಳಷ್ಟೂ ಇಲ್ಲ; ಕೈ ಹಿಡಿಯಬಹುದು, ಪಕ್ಕದಲ್ಲಿ ಕೂತು ಉಣ್ಣಬಹುದು, ತಬ್ಬಿಕೊಳ್ಳಬಹುದು. ಮಕ್ಕಳಾಗುವ ವಯಸ್ಸಿನವರು ಚಿಕಿತ್ಸೆಯ ಕಾಲದಲ್ಲಿ ಮಾತ್ರವಲ್ಲದೆ ಕೊನೆಯ ಡೋಸಿನ ನಂತರವೂ, ಹೆಂಗಸರಾದರೆ ಆರು ತಿಂಗಳು, ಗಂಡಸರಾದರೆ ಮೂರು ತಿಂಗಳು ಗರ್ಭನಿರೋಧಕ ಬಳಸಬೇಕೆಂದು ಔಷಧದ ಕೈಪಿಡಿ ಹೇಳುತ್ತದೆ.

ಉಳಿದ ಗುಳಿಗೆಗಳನ್ನು ಕಸದ ಬುಟ್ಟಿಗೋ ಚರಂಡಿಗೋ ಹಾಕುವಂತಿಲ್ಲ. ಕೊಟ್ಟ ಔಷಧದಂಗಡಿಗೆ ಅಥವಾ ಆಸ್ಪತ್ರೆಗೆ ಮರಳಿಸಬೇಕು, ಅದೇ ಕಾಯಿಲೆಯ ಇನ್ನೊಬ್ಬರಿಗೆ ದಾನವಾಗಿಯೂ ಕೊಡಬಾರದು. ದೊಡ್ಡಮ್ಮ ತಮ್ಮ ಬಾಕಿಯ ಗುಳಿಗೆಗಳನ್ನು ಮೂಲ ಪೆಟ್ಟಿಗೆಯಲ್ಲೇ ಹಾಕಿ ಮರಳಿಸಿದರು. ಕೌಂಟರಿನಲ್ಲಿದ್ದವರು ರಸೀದಿಯ ಅಗತ್ಯವಿಲ್ಲ ಎಂದರೂ ಬಿಡದೆ, ಎಣಿಸಿ, ದಿನಾಂಕ ಹಾಕಿಸಿ, ಒಂದು ಸಹಿ ಪಡೆದುಕೊಂಡೇ ಬಂದರು.